ಲೋಫ್ ಟಿನ್ ಇಲ್ಲ, ಗೊನೆ ಪೂರ್ತಿ ಹಣ್ಣಾಗಿ ಕೂತಿದೆ. ಬನಾನಾ ಬ್ರೆಡ್ ಯಾವ ಪಾತ್ರೇಲಿ ಮಾಡ್ಬೋದು?

ತೋಟದಮನೆ, ತೀರ್ಥಹಳ್ಳಿ ಕಡೆ
ಎಲ್ರಿಗೂ ನಮಸ್ಕಾರ. ಅಡಿಕೆ ಮಧ್ಯ ಹಾಕಿದ್ದ ಬಾಳೆ ಪಚ್ಚಬಾಳೆ ಒಂದ್ ಗೊನೆ ಪುಟ್ಟಬಾಳೆ ಒಂದ್ ಗೊನೆ ಎರಡೂ ಒಟ್ಟಿಗೇ ಹಣ್ಣಾಗಿ ಕೂತಿದಾವೆ. ಹಲ್ವಾ ಮಾಡಿದ್ದಾಯ್ತು, ಬನ್ಸ್ ಆಯ್ತು, ಮುಳಕ ಆಯ್ತು, ಅಕ್ಕಪಕ್ಕ ಕೊಟ್ಟಿದ್ದೂ ಆಯ್ತು, ಅವ್ರ ಮನೇಲೂ ಅದೇ ಕತೆ ಅಲ್ವಾ, ಬೇಡ ಅನ್ನೋಕಾಗದೆ ತಗೊಂಡ್ರು ಅಷ್ಟೆ. ಈಗ ಮಗಳು ಬನಾನಾ ಬ್ರೆಡ್ ಮಾಡು ಅಂತ ಬೆನ್ನು ಬಿದ್ದಿದಾಳೆ. ಸಣ್ಣ ಓಟಿಜಿ (ಕರೆಂಟ್ ಓವನ್) ಇದೆ ಆದ್ರೆ ಆ ಉದ್ದಕ್ಕಿರೋ ಬ್ರೆಡ್ ಟಿನ್ ಇಲ್ಲ. ಎಲ್ಲಾ ರೆಸಿಪಿಲೂ 9 ಇಂಚು 5 ಇಂಚು ಲೋಫ್ ಪ್ಯಾನ್ ಅಂತಾನೇ ಇದೆ. ಆರ್ಡರ್ ಹಾಕಿದ್ರೆ ಈ ಮೂಲೆಗೆ ಬರೋ ಹೊತ್ತಿಗೆ ಬಾಳೆಹಣ್ಣು ಗೊಬ್ಬರದ ಗುಂಡಿ ಸೇರಿರುತ್ತೆ. ಮನೇಲಿರೋ ಪಾತ್ರೇಲಿ ಆಗುತ್ತಾ ಹೇಳಿ, ಸ್ಟೀಲ್ ಡಬರಿ, ಅಲ್ಯೂಮಿನಿಯಂ ಬೋಗುಣಿ, ಟಿಫನ್ ಕ್ಯಾರಿಯರ್, ಅತ್ತೆ ಕಾಲದ ಹಿತ್ತಾಳೆ ಪಾತ್ರೆ ಎಲ್ಲಾ ಇದೆ.

ಹೊಸನಗರ ಮಳೆ
ಟಿನ್ ಇಲ್ಲ ಅನ್ನೋದು ಇರ್ಲಿ, ಕರೆಂಟ್ ಇದ್ಯಾ ಮೊದ್ಲು ಹೇಳಿ 😀

ದುರ್ಗಿಗುಡಿ ಬೇಕರ್
ಆರಾಮಾಗಿ ಆಗುತ್ತೆ ಅಕ್ಕ. ನಾನು ಮನೇಲೇ ಕೇಕ್ ಮಾಡಿ ಮಾರ್ತೀನಿ, ನನ್ ಹತ್ರ ಲೋಫ್ ಟಿನ್ ಇದ್ರೂ ಬಾಳೆಹಣ್ಣಿನದನ್ನ ಹೆಚ್ಚು ಸಲ ರೌಂಡ್ ಟಿನ್ನಲ್ಲೇ ಹಾಕೋದು. ಹೆಸರಿಗೆ ಬ್ರೆಡ್ ಅಷ್ಟೆ, ಇದಕ್ಕೆ ಈಸ್ಟ್ ಇಲ್ಲ ನಾದೋದಿಲ್ಲ, ಸೋಡಾದಲ್ಲಿ ಉಬ್ಬೋ ಕೇಕೇ ಇದು. ಅಮೆರಿಕದಲ್ಲಿ ಬೇಕಿಂಗ್ ಸೋಡಾ, ಪೌಡರ್ ಮನೆಮನೇಲಿ ಬಳಕೆಗೆ ಬಂದ್ಮೇಲೆ 1930ರ ದಶಕದಲ್ಲಿ ಓಡಿದ ತಿಂಡಿ, ಅಲ್ಲಿಯವ್ರಿಗೆ ಅಡುಗೆಮನೇಲಿ ಬ್ರೆಡ್ ಟಿನ್ ಇದ್ದೇ ಇರುತ್ತೆ ಅದಕ್ಕೆ ಅದ್ರಲ್ಲೇ ಹಾಕಿದ್ರು. ನಮ್ಮನೇಲಿ ಡಬರಿ ಇರುತ್ತೆ, ನಾವು ಡಬರೀಲಿ ಹಾಕೋಣ.

ಆಕಾರ ಬಿಟ್ಬಿಡಿ, ನೋಡ್ಬೇಕಾಗಿದ್ದು ಎರಡೇ. ಪಾತ್ರೆ ಎಷ್ಟು ಹಿಡಿಯುತ್ತೆ, ಮತ್ತೆ ಅದ್ರಲ್ಲಿ ಹಿಟ್ಟು ಎಷ್ಟು ಎತ್ತರ ನಿಲ್ಲುತ್ತೆ. ಒಂದು ಸಲದ ಹಿಟ್ಟು, ಅಂದ್ರೆ ಕಿವುಚಿದ ಹಣ್ಣು ಒಂದೂವರೆ ಕಪ್, ಮೈದಾ 200 ಗ್ರಾಂ ಹತ್ರ, ಸಕ್ರೆ 150, ಎಣ್ಣೆ ಅಥವಾ ಬೆಣ್ಣೆ ಒಂದು 90 ಗ್ರಾಂ, ಎರಡು ಮೊಟ್ಟೆ, ಒಂದ್ ಟೀ ಸ್ಪೂನ್ ಸೋಡಾ, ಉಪ್ಪು, ಇಷ್ಟೂ ಸೇರಿದ್ರೆ ಹೆಚ್ಚೂಕಮ್ಮಿ ಒಂದು ಲೀಟರ್ ಆಗುತ್ತೆ. ಪಾತ್ರೆ ಮೂರರಲ್ಲಿ ಎರಡು ಭಾಗಕ್ಕಿಂತ ಮೇಲೆ ತುಂಬ್ಬಾರ್ದು, ಅಲ್ಲಿಗೆ ನಿಮಗೆ ಒಂದೂವರೆ ಲೀಟರ್ ಹಿಡಿಯೋ ಪಾತ್ರೆ ಬೇಕು. ನೀರು ಅಳೆದು ಹುಯ್ದು ನೋಡಿ, ಗೊತ್ತಾಗುತ್ತೆ.

ತೋಟದಮನೆ
ನೀರು ಅಳೆಯೋದು ಹೊಳೀಲೇ ಇಲ್ಲ ನೋಡಿ ನನಗೆ! ಇಂಚ್ ಟೇಪ್ ಹಿಡ್ಕೊಂಡು ಕೂತಿದ್ದೆ. ಮತ್ತೆ ಟೈಮ್? ರೆಸಿಪಿಲಿ ಒಂದು ಗಂಟೆ ಅಂತ ಇದೆ.

ದುರ್ಗಿಗುಡಿ ಬೇಕರ್
ಆ ಒಂದು ಗಂಟೆ ಲೋಫ್ ಟಿನ್ನಿಂದು. ಅದ್ರಲ್ಲಿ ಹಿಟ್ಟು 4 ಸೆಂಟಿಮೀಟರ್ ಹತ್ರ ನಿಲ್ಲುತ್ತೆ, 175 ಡಿಗ್ರಿಲಿ 55ರಿಂದ 65 ನಿಮಿಷ. ಅದೇ ಹಿಟ್ಟು 8 ಇಂಚಿನ ಅಗಲದ ಪಾತ್ರೆಗೆ ಹಾಕಿದ್ರೆ ಮೂರು ಸೆಂಟಿಮೀಟರ್ ಚಿಲ್ಲರೆ ಅಷ್ಟೆ ಎತ್ತರ, 35-40 ನಿಮಿಷಕ್ಕೆ ಬೆಂದ್ಹೋಗುತ್ತೆ. 6 ಇಂಚು ಅಗಲದ, ಎತ್ತರದ ಡಬ್ಬಿ ಆದ್ರೆ ಮತ್ತೆ ಒಂದು ಗಂಟೆ ಲೆಕ್ಕಾನೇ. ಸಣ್ಣ ಸ್ಟೀಲ್ ಬಟ್ಟಲಿಗೆ ಮೂರ್ಮೂರು ಚಮಚ ಹಾಕಿ ಸಾಲಾಗಿ ಇಟ್ರೆ 20 ನಿಮಿಷ. ಗಡಿಯಾರಕ್ಕಿಂತ ಕಡ್ಡಿ ನಂಬಿ. ಹೊಸ ತೆಂಗಿನ ಗರಿ ಕಡ್ಡಿ ತೊಳೆದು ಒರೆಸಿ ನಡುವಲ್ಲಿ ಚುಚ್ಚಿ, ಹಸಿ ಹಿಟ್ಟು ಅಂಟಬಾರ್ದು. ಬಾಳೆಹಣ್ಣಿನ ತುಂಡಿಗೆ ಚುಚ್ಕೊಂಡ್ರೆ ಬೆಂದಿದ್ರೂ ಒದ್ದೆ ಬರುತ್ತೆ, ಹಂಗಾಗಿ ಎರಡು ಕಡೆ ಚುಚ್ಚಿ.

ಭದ್ರಾವತಿ ಕಬ್ಬಿಣ
ಪಾತ್ರೆ ಯಾವ ಲೋಹ ಅನ್ನೋದನ್ನ ಯಾರೂ ಮಾತಾಡ್ತಿಲ್ಲ, ಅದಕ್ಕೆ ಬಂದೆ. ತಂಗ್ಯವ್ವ, ಅಲ್ಯೂಮಿನಿಯಂ ಬೋಗುಣಿ ಇದೆ ಅಂದ್ರಲ್ಲ, ಕಣ್ಮುಚ್ಚಿ ಅದನ್ನೇ ತಗೊಳ್ಳಿ. ಸ್ಟೀಲ್ ಶಾಖ ಹರಡೋದ್ರಲ್ಲಿ ಅಲ್ಯೂಮಿನಿಯಂನ ಹತ್ತನೇ ಒಂದು ಭಾಗಾನೂ ಇಲ್ಲ, ಉರಿ ಎಲ್ಲಿ ಬಿತ್ತೋ ಅಲ್ಲೇ ಸೀದು ಪಕ್ಕದಲ್ಲಿ ಹಸಿ ಉಳಿಯುತ್ತೆ. ಓಟಿಜಿ ಒಳಗೆ ಸುತ್ತ ಬಿಸಿಗಾಳಿ ಇರೋದ್ರಿಂದ ಸ್ಟೀಲ್ ಹೇಗೋ ನಡಿಯುತ್ತೆ, ಗ್ಯಾಸ್ ಮೇಲಾದ್ರೆ ತೆಳು ಸ್ಟೀಲ್ ಬೇಡ್ವೇ ಬೇಡ. ಕಪ್ಪು ಬಣ್ಣದ ನಾನ್‌ಸ್ಟಿಕ್ ಬೇಗ ಕಾಯುತ್ತೆ, ಹತ್ತು ಹದಿನೈದು ಡಿಗ್ರಿ ಕಮ್ಮಿ ಇಡಿ. ಗಾಜಿನದೂ ಅಷ್ಟೆ ಕಮ್ಮಿ, ಬಿಸಿ ಗಾಜು ಹಸಿ ಕಲ್ಲಿನ ಮೇಲೆ ಇಡ್ಬೇಡಿ, ಸೀಳಿ ಹೋಗುತ್ತೆ.

ಹಿತ್ತಾಳೆ ಪಾತ್ರೆ ಒಳಗೆ ಕಲಾಯಿ ಇರುತ್ತೆ. ಕಲಾಯಿ ಅಂದ್ರೆ ತವರ, ಅದು 232 ಡಿಗ್ರಿಗೆ ಕರಗುತ್ತೆ. ಓಟಿಜಿ 175ರಲ್ಲಿ ಏನಾಗಲ್ಲ, ಒಲೆ ಮೇಲೆ ನೀರಿಲ್ದೆ ಕಾಯಿಸಿದ್ರೆ ಅಷ್ಟು ಡಿಗ್ರಿ ದಾಟೋದು ಎಷ್ಟೊತ್ತೂ ಅಲ್ಲ. ಅತ್ತೆಯವರ ಪಾತ್ರೆ ಅತ್ಲಾಗೆ ಅಟ್ಟದ ಮೇಲೇ ಇರ್ಲಿ.

ಎನ್‌ಆರ್‌ಪುರ ಹುಡುಗ
ಅಣ್ಣ ಹಾಲಿನ ಪುಡಿ ಡಬ್ಬ, ಬಿಸ್ಕೆಟ್ ಡಬ್ಬ ಆಗುತ್ತಾ? ಹಾಸ್ಟೆಲ್ ಬುದ್ಧಿ ಅನ್ಕೋಬೇಡಿ.

ಭದ್ರಾವತಿ ಕಬ್ಬಿಣ
ಬೇಡಪ್ಪ. ಒಳಗೆ ಲ್ಯಾಕರ್ ಬಳಿದಿರ್ತಾರೆ, ಹೊರಗೆ ಪೇಂಟು, ಅವನ್ನ ಬೇಯಿಸೋಕೆ ಅಂತ ಮಾಡಿರಲ್ಲ. ದುಡ್ಡೇ ಪ್ರಶ್ನೆ ಆದ್ರೆ ಶಿವಮೊಗ್ಗದ ಗಾಂಧಿ ಬಜಾರಲ್ಲಿ ಪಾತ್ರೆ ಅಂಗಡಿಗೆ ಹೋಗಿ ಒಂದು ಅಲ್ಯೂಮಿನಿಯಂ ಡಬರಿ ತಗೋ, ತೂಕದ ಮೇಲೆ ಕೊಡ್ತಾರೆ, ದಪ್ಪ ಇರೋದು ಆರಿಸ್ಕೊ.

ಸಾಗರದ ಸೊಸೆ
ಎಂತಕ್ಕೆ ಇಷ್ಟೆಲ್ಲ ಒದ್ದಾಟ ಮಾರಾಯ್ರೆ, ಕಡುಬಿನ ಪಾತ್ರೆ ಇಲ್ದಿರೋ ಮನೆ ಇದ್ಯಾ ನಮ್ ಕಡೆ? ಹಬೇಲಿ ಬೇಯ್ಸಿ. ನಾನು ಬಾಳೆಹಣ್ಣಿನ ಕೇಕ್ ಹಬೇಲೇ ಮಾಡೋದು, 40-45 ನಿಮಿಷ, ಒಣಗೋ ಮಾತೇ ಇಲ್ಲ, ಮೆತ್ತಗೆ ಬಾಯಲ್ಲಿ ಇಟ್ರೆ ಕರಗುತ್ತೆ. ಮುಚ್ಚಳಕ್ಕೆ ಒಂದು ತೆಳು ಬಟ್ಟೆ ಕಟ್ಟಿ, ಇಲ್ಲಾಂದ್ರೆ ಹಬೆ ನೀರು ತೊಟ್ಟಿಕ್ಕಿ ಮೇಲ್ಗಡೆ ಗಂಜಿ ಆಗುತ್ತೆ. ಹಣ್ಣು ಜಾಸ್ತಿ ಇದ್ರೆ ಇಡ್ಲಿ ತಟ್ಟೇಲೂ ಹಾಕ್ಬೋದು.

ದುರ್ಗಿಗುಡಿ ಬೇಕರ್
ಸಾಗರದಕ್ಕ, ರುಚಿ ಇರುತ್ತೆ ಇಲ್ಲ ಅನ್ನಲ್ಲ, ಆದ್ರೆ ಅದು ಬೇರೆ ತಿಂಡಿ. ಹಬೆ 100 ಡಿಗ್ರಿ ದಾಟಲ್ಲ. ಮೇಲಿನ ಆ ಕಂದು ಸಿಪ್ಪೆ, ಆ ಘಮ ಬರ್ಬೇಕಂದ್ರೆ ಮೈ 140 ಡಿಗ್ರಿ ಮೇಲೆ ಹೋಗ್ಬೇಕು, ಒಣ ಶಾಖ ಬೇಕು. ಮಗು ಕೇಳಿದ್ದು ಬನಾನಾ ಬ್ರೆಡ್ಡು, ನೀವು ಕೊಡ್ತಿರೋದು ಬಾಳೆಹಣ್ಣಿನ ಕಡುಬು.

ಸಾಗರದ ಸೊಸೆ
ಕಡುಬಿಗೇನ್ ಕಮ್ಮಿ ಆಯ್ತು ಈಗ? 😄 ಹಬೇಲಿ ಬೇಯ್ಸಿ ತಣ್ಣಗಾದ್ಮೇಲೆ ದಪ್ಪ ಹೋಳು ಮಾಡಿ ಕಾವಲಿ ಮೇಲೆ ಒಂಚೂರು ತುಪ್ಪ ಹಾಕಿ ಎರಡೂ ಕಡೆ ಕೆಂಪಗೆ ಮಾಡ್ಕೊಳ್ಳಿ. ಸಿಪ್ಪೆ ಒಂದೇ ಕಡೆ ಎಂತಕ್ಕೆ, ಹೋಳಿಗೆರಡು ಸಿಗುತ್ತೆ.

ದುರ್ಗಿಗುಡಿ ಬೇಕರ್
...ಅದು ಮಾತ್ರ ಒಪ್ಪಿದೆ.

ಕೊಪ್ಪ ಕಾಫಿ
ಓಟಿಜಿ ಇಲ್ಲದವ್ರಿಗೂ ಒಂದ್ ಮಾತು. ಕುಕ್ಕರ್‌ನಲ್ಲಿ ಮಾಡೋರು ರಬ್ಬರ್ ತೆಗೀಬೇಕು, ವೆಯ್ಟ್ ತೆಗೀಬೇಕು, ನೀರು ಹಾಕ್ಬಾರ್ದು, ತಳಕ್ಕೆ ಕಲ್ಲುಪ್ಪು ಹರಡಿ ಮೇಲೊಂದು ಸ್ಟ್ಯಾಂಡ್ ಇಟ್ಟು ಹತ್ತು ನಿಮಿಷ ಕಾಯ್ಸಿ ಆಮೇಲೆ ಹಿಟ್ಟಿನ ಪಾತ್ರೆ ಇಡ್ಬೇಕು, ಉರಿ ಸಣ್ಣ. ಆದ್ರೆ ನಾನು ಕುಕ್ಕರ್ ಮುಚ್ಚಳ ಹಾಕೋದೇ ಇಲ್ಲ, ಆ ಸೇಫ್ಟಿ ವಾಲ್ವ್ ಒಳಗಿರೋದು ಬಿಸಿ ಜಾಸ್ತಿ ಆದ್ರೆ ಕರಗ್ಲಿ ಅಂತಾನೇ ಇಟ್ಟಿರೋ ಲೋಹ, ಒಣ ಶಾಖಕ್ಕೆ ಅದು ಹೋಯ್ತು ಅಂದ್ರೆ ಮಾರನೇ ದಿನ ಬೇಳೆ ಬೇಯಿಸೋಕೆ ಕುಕ್ಕರ್ ಇಲ್ಲ. ದಪ್ಪ ತಳದ ಅಲ್ಯೂಮಿನಿಯಂ ಪಾತ್ರೆ, ಮೇಲೆ ಭಾರದ ತಟ್ಟೆ, ಸಾಕು.

ನಮ್ಮಮ್ಮ ಬಚ್ಚಲ ಒಲೆ ಕೆಂಡ ಎಳ್ದು ಅದ್ರ ಮೇಲೆ ಪಾತ್ರೆ ಇಟ್ಟು ಮುಚ್ಚಳದ ಮೇಲೂ ಒಂದು ಸಾಲು ಕೆಂಡ ಹಾಕ್ತಾರೆ. ಕೆಳಗೆ ಕಮ್ಮಿ ಮೇಲೆ ಜಾಸ್ತಿ, ಅದೇ ಗುಟ್ಟು. ಮೇಲ್ಗಡೆ ಕೆಂಪು ಬರೋದೇ ಆ ಕೆಂಡದಿಂದ, ಬರೀ ಗ್ಯಾಸ್ ಮೇಲೆ ಇಟ್ರೆ ತಳ ಕಪ್ಪು ತಲೆ ಬಿಳಿ. ಮುಚ್ಚಳ ತೆಗೆಯುವಾಗ ಬೂದಿ ಬೀಳದ ಹಾಗೆ ಒಂದೇ ಕಡೆ ಎತ್ಬೇಕು, ಅಷ್ಟು ಕೈಚಳಕ ಬೇಕು ನೋಡಿ.

ತೋಟದಮನೆ
ಎಷ್ಟೊಂದು ವಿಷಯ! ನೀರು ಅಳ್ದು ನೋಡ್ದೆ. ಅಲ್ಯೂಮಿನಿಯಂ ಬೋಗುಣಿ ಎರಡು ಲೀಟರ್ ಮೇಲೆ ಹಿಡಿಯುತ್ತೆ, ಅಗಲ 18 ಸೆಂಟಿಮೀಟರ್, ಆದ್ರೆ ಆಳ ಇದೆ. ನಡುವೆ ಹಸಿ ಉಳಿಯೋ ಭಯ. ಮತ್ತೆ ರೆಸಿಪಿಲಿ "3 ಬಾಳೆಹಣ್ಣು" ಅಂತಿದೆ, ನಮ್ಮ ಪುಟ್ಟಬಾಳೆ ಮೂರು ಹಾಕಿದ್ರೆ ಎಲ್ಲಿಗೆ ಸಾಲುತ್ತೆ?

ದುರ್ಗಿಗುಡಿ ಬೇಕರ್
ಆ ಮೂರು ಅನ್ನೋದು ಪಚ್ಚಬಾಳೆ ಜಾತಿ ಹಣ್ಣಿನ ಲೆಕ್ಕ, ಅಂಗಡೀಲಿ ಉದ್ದುದ್ದ ಹಳದಿ ಸಿಗುತ್ತಲ್ಲ ಕ್ಯಾವೆಂಡಿಷ್ ಅಂತ, ಅದು. ಸಿಪ್ಪೆ ಸುಲಿದ್ರೆ ಒಂದು 115-120 ಗ್ರಾಂ, ಮೂರಕ್ಕೆ 350. ಪುಟ್ಟಬಾಳೆ ಸುಲಿದ್ರೆ ಒಂದೊಂದು 50 ಗ್ರಾಂ ಬಂದ್ರೆ ಜಾಸ್ತಿ, ಏಳೆಂಟು ಬೇಕು. ಎಣಿಸ್ಬೇಡಿ, ಕಿವುಚಿ ಕಪ್‌ನಲ್ಲಿ ಅಳೀರಿ. ಪುಟ್ಟಬಾಳೇಲಿ ಸಿಹಿ ಜಾಸ್ತಿ ಸ್ವಲ್ಪ ಹುಳಿನೂ ಇರುತ್ತೆ, ಸಕ್ರೆ ಒಂದು ಹಿಡಿ ಕಮ್ಮಿ ಮಾಡಿ. ನೇಂದ್ರ ಹಾಕೋರು ಸಿಪ್ಪೆ ಪೂರ್ತಿ ಕಪ್ಪಾಗೋ ತನಕ ಕಾಯ್ಬೇಕು, ಇಲ್ಲಾಂದ್ರೆ ಕಿವುಚೋಕೇ ಬರಲ್ಲ, ಪಿಷ್ಟ ಇನ್ನೂ ಸಕ್ರೆ ಆಗಿರಲ್ಲ. ಕಾಯಲ್ಲಿ 20 ಪರ್ಸೆಂಟ್ ಹತ್ರ ಪಿಷ್ಟ ಇರುತ್ತೆ, ಪೂರ್ತಿ ಹಣ್ಣಾದಾಗ ಒಂದೆರಡು ಪರ್ಸೆಂಟ್‌ಗೆ ಇಳಿಯುತ್ತೆ, ಬನಾನಾ ಬ್ರೆಡ್‌ಗೆ ಕಪ್ಪು ಚುಕ್ಕೆ ಹಣ್ಣೇ ಬೇಕು ಅನ್ನೋದು ಅದಕ್ಕೇ. ಎಲ್ಲಾ ಒಂದೇ ದಿನ ಮುಗಿಸೋಕಾಗದಿದ್ರೆ ಸುಲಿದು ಡಬ್ಬೀಲಿ ಹಾಕಿ ಫ್ರೀಜರಲ್ಲಿಡಿ. ಕರಗಿದಾಗ ನೀರು ಬಿಡುತ್ತೆ, ಚೆಲ್ಬೇಡಿ, ಅದ್ರಲ್ಲೇ ರುಚಿ ಇರೋದು.

ಆಳದ ಬೋಗುಣಿಗೆ ಒಂದು ಉಪಾಯ. ಮಧ್ಯ ಒಂದು ಸ್ಟೀಲ್ ಲೋಟ ನಿಲ್ಲಿಸಿ. ಲೋಟದ ಹೊರಗೆ ಎಣ್ಣೆ ಸವರಿ, ಒಳಗೆ ಭಾರಕ್ಕೆ ಅಕ್ಕಿ ಹಾಕಿ, ಇಲ್ಲಾಂದ್ರೆ ಹಿಟ್ಟು ಹುಯ್ದಾಗ ತೇಲಿ ವಾಲುತ್ತೆ. ಸುತ್ತ ಹಿಟ್ಟು ಹಾಕಿ. ಈಗ ಹಸಿ ಉಳಿಯೋಕೆ ನಡುವೇ ಇಲ್ಲ ಅಲ್ವಾ, 18 ಸೆಂಟಿಮೀಟರ್ ಪಾತ್ರೆ 7 ಸೆಂಟಿಮೀಟರ್ ಲೋಟ ಅಂದ್ರೆ ಸುತ್ತ ಐದೂವರೆ ಸೆಂಟಿಮೀಟರ್ ದಪ್ಪದ ಬಳೆ ಆಗುತ್ತೆ, 40 ನಿಮಿಷದಿಂದ ಕಡ್ಡಿ ಚುಚ್ಚೋಕೆ ಶುರು ಮಾಡಿ. ಬೆಂದ್ಮೇಲೆ ಅಕ್ಕಿ ತೆಗೆದು ಲೋಟದೊಳಗೆ ಬಿಸಿನೀರು ಹಾಕಿ ಅರ್ಧ ನಿಮಿಷ ಬಿಟ್ಟು ತಿರುವಿದ್ರೆ ಲೋಟ ಬರುತ್ತೆ.

ಉದ್ದಕ್ಕೇ ಬೇಕು, ಮಗಳು ಫೋಟೋ ತೋರ್ಸಿ ಹಿಂಗೇ ಇರ್ಬೇಕು ಅಂತಾಳೆ ಅನ್ನೋದಾದ್ರೆ ಓಟಿಜಿ ಜೊತೆ ಬಂದ ಚೌಕದ ಟ್ರೇ ತಗೊಂಡು ಫಾಯಿಲ್ ನಾಲ್ಕೈದು ಪದರ ಮಡಚಿ ಅಡ್ಡ ಗೋಡೆ ಮಾಡಿ, ಗೋಡೆ ಹಿಂದ್ಗಡೆ ಒಂದು ಸ್ಟೀಲ್ ಬಟ್ಟಲು ಆನಿಸಿಡಿ ಜರುಗದ ಹಾಗೆ. ಟ್ರೇ ತೀರಾ ಕಮ್ಮಿ ಆಳದ್ದಾದ್ರೆ ಬೇಡ.

ಎನ್‌ಆರ್‌ಪುರ ಹುಡುಗ
ಲೋಟದ ಐಡಿಯಾ ಸೂಪರ್ ಅಕ್ಕ. ಪಡ್ಡಿನ ಹಂಚಲ್ಲಿ ಹಾಕಿದ್ರೆ?

ಹೊಸನಗರ ಮಳೆ
ಅದಕ್ಕೆ ಗಣಹೋಮದ ದಿನ ಭಟ್ರು ಬಂದು ನೈವೇದ್ಯ ಮಾಡಿ ಹೋಗ್ತಾರೆ. ಆ ಸಿಹಿ ತಿಂಡೀನೇ ಅಪ್ಪ ಅಂತಾರೆ ತಮ್ಮಾ.

ಸಾಗರದ ಸೊಸೆ
😂 ಆದ್ರೂ ಹಾಕು ಪುಟ್ಟ, ಸಣ್ಣ ಉರೀಲಿ ಮುಚ್ಚಿಟ್ರೆ ಚೆನ್ನಾಗೇ ಬರುತ್ತೆ.

ಅಂದ್ಹಾಗೆ ತೋಟದಮನೆಯವ್ರೆ, ಪಾತ್ರೆಗೆ ಅಂಟದ ಹಾಗೆ ಬಟರ್ ಪೇಪರ್ ಹುಡುಕ್ತಾ ಕೂರ್ಬೇಡಿ, ಬಾಳೆ ಎಲೆ ಮನೆ ಹಿಂದೇನೇ ಇದೆ. ಕುಡಿ ಎಲೆ ದಂಟು ತೆಗೆದು ಉರಿ ಮೇಲೆ ಬಾಡ್ಸಿ, ಬಾಡಿಸದಿದ್ರೆ ಮಡಚೋವಾಗ ಸೀಳುತ್ತೆ. ಪಾತ್ರೆ ಒಳಗೆ ತಳಕ್ಕೂ ಸುತ್ತಕ್ಕೂ ಹಾಸಿ ಎಣ್ಣೆ ಕೈ ಆಡ್ಸಿ ಹಿಟ್ಟು ಹುಯ್ಯಿ. ಮೇಲಿರೋ ಅಂಚು ಒಣಗಿ ಕಂದು ಆಗುತ್ತೆ, ಹಿಟ್ಟಿನ ಕೆಳಗಿರೋದು ಏನಾಗಲ್ಲ. ಬಿಡಿಸೋವಾಗ ಆ ವಾಸನೆ ಇದ್ಯಲ್ಲ, ಆಹಾ.

ದುರ್ಗಿಗುಡಿ ಬೇಕರ್
ಇದು ನಿಜವಾಗ್ಲೂ ಒಳ್ಳೇ ಸಲಹೆ, ಯಾಕಂದ್ರೆ ಅಂಗಡೀಲಿ ಬಟರ್ ಪೇಪರ್ ಅಂತ ಕೊಡೋದ್ರಲ್ಲಿ ಎಷ್ಟೋ ಬರೀ ಸುತ್ತೋ ಕಾಗದ, ಸಿಲಿಕೋನ್ ಲೇಪ ಇರಲ್ಲ, ಕೇಕಿಗೇ ಅಂಟ್ಕೊಂಡು ಬರುತ್ತೆ. ಎಲೆ ಸಿಗದ ಪೇಟೆಯವ್ರು ಎಣ್ಣೆ ಸವರಿ ಮೈದಾ ಉದುರ್ಸಿ ಕೊಡವಿದ್ರೆ ಸಾಕು.

ಕೊಪ್ಪ ಕಾಫಿ
ಎಲೆ ಆದ್ಮೇಲೆ ಹಾಳೆ ಯಾಕಾಗ್ಬಾರ್ದು? ಅಡಿಕೆ ಹಾಳೆ ಬಟ್ಟಲು ಒತ್ತಿ ಮಾರ್ತಾರಲ್ಲ, ಅದ್ರಲ್ಲೇ ಹಿಟ್ಟು ಹಾಕಿ ಓಟಿಜಿಗೆ ಇಟ್ರೆ ತೊಳೆಯೋ ಕೆಲಸಾನೂ ಇಲ್ಲ.

ಭದ್ರಾವತಿ ಕಬ್ಬಿಣ
2025ರಲ್ಲಿ ಅಮೆರಿಕದ ಎಫ್‌ಡಿಎ, ಅಂದ್ರೆ ಅಲ್ಲಿನ ಆಹಾರ-ಔಷಧಿ ಇಲಾಖೆ, ಅಡಿಕೆ ಹಾಳೆ ತಟ್ಟೆ ಬಟ್ಟಲಲ್ಲಿ ಆಹಾರ ಇಡ್ಬೇಡಿ ಅಂತ ಹೇಳಿತು ನೋಡಿ, ಅಡಿಕೇಲಿರೋ ಅಂಶಗಳು ಊಟಕ್ಕೆ ಇಳಿಯುತ್ತೆ ಅಂತ ಅವರ ವಾದ.

ಕೊಪ್ಪ ಕಾಫಿ
ನಮ್ಮಜ್ಜ ಹಾಳೇಲೇ ಉಂಡು ತೊಂಬತ್ತು ದಾಟಿದ್ರು ಸ್ವಾಮಿ, ಅಮೆರಿಕದವ್ರು ಪ್ಲಾಸ್ಟಿಕ್ಕಲ್ಲಿ ಉಣ್ಲಿ ಬಿಡಿ.

ಭದ್ರಾವತಿ ಕಬ್ಬಿಣ
ಅಜ್ಜ ಅದ್ರಲ್ಲಿ ಗಂಜಿ ಉಂಡಿದ್ದು, 175 ಡಿಗ್ರೀಲಿ ಒಂದು ಗಂಟೆ ಎಣ್ಣೆ ಹಿಟ್ಟು ಬೇಯಿಸಿದ್ದಲ್ಲ. ಹಾಳೆ ಎಣ್ಣೆ ಕುಡಿಯುತ್ತೆ, ಅಂಚು ಸುಡುತ್ತೆ, ಅದಿರ್ಲಿ ಸಣ್ಣ ಓಟಿಜೀಲಿ ಮೇಲಿನ ಕಾಯಿಲ್ ಅಷ್ಟು ಹತ್ರ ಇರೋವಾಗ ಒಣ ಹಾಳೆ ಒಳಗಿಡೋಕೆ ನನಗಂತೂ ಧೈರ್ಯ ಇಲ್ಲ. ಬೆಂದ್ಮೇಲೆ ತಟ್ಟೆಗೆ ಹಾಕಿ ಕೊಡೋಕೆ ಹಾಳೆ ಬೇಕಾದ್ರೆ ನಿಮ್ಮಿಷ್ಟ.

ತೋಟದಮನೆ
ದಯವಿಟ್ಟು ಜಗಳ ಬೇಡ, ನಮ್ಮ ಊರಲ್ಲಿ ಅಡಿಕೆ ವಿಷಯ ಶುರುವಾದ್ರೆ ಬಾಳೆಹಣ್ಣು ಕೊಳೆತು ಹೋಗುತ್ತೆ. ಮೊಟ್ಟೆ ಹಾಕಲ್ಲ ನಾವು, ಅತ್ತೆ ಇದಾರೆ. ಬದ್ಲಿಗೆ? ಸಕ್ರೆ ಬದ್ಲು ಜೋನಿ ಬೆಲ್ಲ (ನೀರು ಬೆಲ್ಲ) ನಡೆಯುತ್ತಾ?

ದುರ್ಗಿಗುಡಿ ಬೇಕರ್
ಒಂದು ಮೊಟ್ಟೆಗೆ ಕಾಲು ಕಪ್ ಗಟ್ಟಿ ಮೊಸರು, ಎರಡಕ್ಕೆ ಅರ್ಧ ಕಪ್. ಸೋಡಾಕ್ಕೆ ಹುಳಿ ಬೇಕು, ಮೊಸರಲ್ಲಿ ಇದೆ, ಹಣ್ಣಲ್ಲೂ ಸ್ವಲ್ಪ ಇದೆ, ಹಂಗಾಗಿ ಚೆನ್ನಾಗೇ ಉಬ್ಬುತ್ತೆ. ಮೊಟ್ಟೆ ಇಲ್ಲದ್ದು ಆಳದ ಪಾತ್ರೇಲಿ ನಡುವೆ ಕುಸಿಯೋದು ಜಾಸ್ತಿ, ಅದಕ್ಕೆ ನಿಮಗೆ ಲೋಟದ ಉಪಾಯಾನೇ ಸರಿ ಇಲ್ಲಾ ಅಗಲದ ಪಾತ್ರೆ. ಜೋನಿ ಬೆಲ್ಲ ಹಾಕಿ, ಅದ್ರಲ್ಲಿ ನೀರಿನಂಶ ಇರುತ್ತಲ್ಲ ಅಷ್ಟಕ್ಕೆ ಮೊಸರು ಎರಡು ಚಮಚ ಕಮ್ಮಿ ಮಾಡಿ. ಬೆಲ್ಲದ್ದು ಬೇಗ ಕಪ್ಪಾಗುತ್ತೆ, ಬಣ್ಣ ನೋಡಿ ಬೆಂತು ಅಂತ ತೆಗೆದ್ರೆ ಒಳಗೆ ಹಸಿ ಇರುತ್ತೆ. ಅರ್ಧ ಗಂಟೆ ಆದ್ಮೇಲೆ ಮೇಲೊಂದು ಫಾಯಿಲ್ ಸಡಿಲವಾಗಿ ಮುಚ್ಚಿ. ಪಾತ್ರೆ ಕೆಳಗಿನ ಸಾಲಲ್ಲಿ ಇಡಿ, ಉಬ್ಬಿ ಮೇಲಿನ ಕಾಯಿಲ್‌ಗೆ ತಾಗಬಾರ್ದು.

ಇನ್ನೊಂದು, ಮೈದಾ ಹಾಕಿದ್ಮೇಲೆ ಗರಗರ ತಿರುಗಿಸ್ಬೇಡಿ, ಒಣ ಹಿಟ್ಟು ಕಾಣದ ಹಾಗಾದ್ರೆ ನಿಲ್ಸಿ, ಜಾಸ್ತಿ ತಿರುವಿದ್ರೆ ರಬ್ಬರ್ ಆಗುತ್ತೆ. ಸೋಡಾ ಬಿದ್ದ ಹಿಟ್ಟನ್ನ ಹಾಗೇ ಇಟ್ಕೊಂಡು ಕೂರ್ಬೇಡಿ, ಓವನ್ ಮೊದ್ಲೇ ಬಿಸಿ ಇರ್ಲಿ.

ಭದ್ರಾವತಿ ಕಬ್ಬಿಣ
ಥರ್ಮಾಮೀಟರ್ ಇರೋರು ನಡುಭಾಗಕ್ಕೆ ಚುಚ್ಚಿ ನೋಡಿ, 93ರಿಂದ 96 ಬಂದ್ರೆ ಬೆಂದಿದೆ. ಮನೇಲಿ ನನ್ನನ್ನ ನೋಡಿ ನಗ್ತಾರೆ, ನಗ್ಲಿ.

ಸಾಗರದ ಸೊಸೆ
ತೆಗೆದ ತಕ್ಷಣ ಬೋರಲು ಹಾಕ್ಬೇಡಿ, ಹತ್ತು ಹದಿನೈದು ನಿಮಿಷ ಪಾತ್ರೇಲೇ ಇರ್ಲಿ. ಹಂಗಂತ ರಾತ್ರಿ ಪೂರ್ತಿ ಪಾತ್ರೇಲೇ ಬಿಟ್ರೆ ತಳ ಬೆವತು ಒದ್ದೆ ಆಗುತ್ತೆ. ಮಾರನೇ ದಿನಕ್ಕೆ ರುಚಿ ಜಾಸ್ತಿ, ಆದ್ರೆ ನಮ್ ಮಳೆಗಾಲದ ಥಂಡೀಲಿ ಎರಡು ದಿನದ ಮೇಲೆ ಹೊರಗಿಟ್ರೆ ಬೂಸ್ಟು, ಫ್ರಿಜ್‌ಗೆ ಹಾಕಿ.

ಹೊಸನಗರ ಮಳೆ
ನಾನು ಮೊದ್ಲೇ ಕೇಳಿದ್ದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ, ತಮಾಷೆ ಅಲ್ಲ ಈ ಸಲ. ಅರ್ಧ ಬೆಂದಾಗ ಕರೆಂಟ್ ಹೋದ್ರೆ ಏನ್ ಮಾಡೋದು? ಓಟಿಜಿ 1200-1500 ವ್ಯಾಟ್ ಎಳೆಯುತ್ತೆ, ಮನೆ ಇನ್ವರ್ಟರ್ ಕೈಲಿ ಆಗಲ್ಲ.

ದುರ್ಗಿಗುಡಿ ಬೇಕರ್
ಬಾಗಿಲು ತೆಗೀಬೇಡಿ, ಅದೇ ಮೊದಲನೇದು. ಒಳಗಿನ ಬಿಸಿ ಸ್ವಲ್ಪ ಹೊತ್ತು ಕೆಲಸ ಮಾಡುತ್ತೆ. ಅರ್ಧಕ್ಕಿಂತ ಜಾಸ್ತಿ ಬೆಂದಿದ್ರೆ ಮೇಲ್ಗಡೆ ಗಟ್ಟಿ ಆಗಿರುತ್ತೆ, ಕುಸಿಯಲ್ಲ, ಹತ್ತು ನಿಮಿಷ ನೋಡಿ. ಬರ್ಲಿಲ್ಲ ಅಂದ್ರೆ ಗ್ಯಾಸ್ ಮೇಲೆ ದಪ್ಪ ಪಾತ್ರೆ ಕಾಯಿಸಿಟ್ಕೊಂಡು ಅದಕ್ಕೆ ವರ್ಗಾಯಿಸಿ, ಕೊಪ್ಪದವ್ರು ಹೇಳಿದ ಹಾಗೆ ಕಲ್ಲುಪ್ಪು, ಸ್ಟ್ಯಾಂಡು, ಭಾರದ ತಟ್ಟೆ. ಲೋಫ್ ಟಿನ್ ಆಗಿದ್ರೆ ಆ ಪಾತ್ರೆ ಒಳಗೆ ಹಿಡಿಸ್ತಾನೇ ಇರ್ಲಿಲ್ಲ ನೋಡಿ, ಗುಂಡಗಿನ ಬೋಗುಣಿ ಸೀದಾ ಕೂರುತ್ತೆ.

ತೋಟದಮನೆ
ಹಂಗಾದ್ರೆ ಬೋಗುಣಿ, ಲೋಟ, ಬಾಳೆ ಎಲೆ, ಜೋನಿ ಬೆಲ್ಲ. ಮೋಡ ಕಟ್ಟಿದೆ ಇಲ್ಲಿ, ಕರೆಂಟ್ ನಂಬೋ ಹಾಗಿಲ್ಲ, ಗ್ಯಾಸ್ ಮೇಲೆ ದೊಡ್ಡ ಪಾತ್ರೆ ಉಪ್ಪು ಹಾಕಿ ರೆಡಿ ಇಟ್ಕೊಂಡೇ ಹಿಟ್ಟು ಕಲಸ್ತೀನಿ. ಆ ಉಪ್ಪು ಆಮೇಲೆ ಅಡುಗೆಗೆ ಬರುತ್ತಾ?

ಕೊಪ್ಪ ಕಾಫಿ
ಅಡುಗೆಗೆ ಬೇಡ, ಡಬ್ಬೀಲಿ ತುಂಬ್ಸಿಡಿ, ಮುಂದಿನ ಗೊನೆಗೆ ಅದೇ ಉಪ್ಪು.